ಬಣ್ಣಕ್ಕೆ ಮೊದಲು ಬೆವರು

ಕಾರಿಗೆ ಹದಿನೈದು ತುಂಬುತ್ತ ಬಂದಾಗ ಅನೇಕ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುತ್ತದೆ. ಖಾಸಗಿ ಕಾರಿನ ನೋಂದಣಿಯ ಆಯುಸ್ಸು 15 ವರ್ಷ. ಆಮೇಲೆ ಅದನ್ನು ಆರ್‌ಟಿಓ ಕಚೇರಿಯ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಎಂಜಿನ್ನೇನೋ ಗಟ್ಟಿಮುಟ್ಟಾಗಿದೆ. ಆದರೆ ಬಾನೆಟ್ಟಿನ ಬಣ್ಣ ಬಿಸಿಲಿಗೆ ಸುಣ್ಣದಂತೆ ಪೇಲವವಾಗಿದೆ. ಬಾಗಿಲಿನ ಅಡಿಯಲ್ಲಿ ಗುಳ್ಳೆ ಎದ್ದಿದೆ. ಹಿಂದಿನ ಮಡ್‌ಗಾರ್ಡಿನಲ್ಲಿ ಯಾವುದೋ ಸ್ಕೂಟರು ಬಿಟ್ಟುಹೋದ ತಗ್ಗು ಹಾಗೆಯೇ ಇದೆ. ಮಾರಿಬಿಡುವುದೇ? ಗುಜರಿಗೆ ಹಾಕುವುದೇ? ಅಥವಾ ಬಣ್ಣ ಹೊಡೆಸಿ ಇನ್ನೈದು ವರ್ಷ ಓಡಿಸುವುದೇ?

ಬಣ್ಣ ಹೊಡೆಸುವುದೆಂದು ನಿರ್ಧಾರವಾದರೆ ಎರಡನೆಯ ಪ್ರಶ್ನೆ ಖರ್ಚಿನದು. ಬಣ್ಣದಂಗಡಿಯ ಬಿಲ್ಲಿನಲ್ಲಿ ದೊಡ್ಡ ಪಾಲು ಬಣ್ಣದ್ದಲ್ಲ, ದುಡಿಮೆಯದು. ಬಿಚ್ಚುವುದು, ಉಜ್ಜುವುದು, ತುಂಬುವುದು, ಮತ್ತೆ ಉಜ್ಜುವುದು. ಬಣ್ಣ ಸಿಂಪಡಿಸುವ ಕೆಲಸ ಕೆಲವು ಗಂಟೆಗಳದ್ದಾದರೆ ಅದಕ್ಕೆ ಮೊದಲಿನ ಸಿದ್ಧತೆ ಅನೇಕ ದಿನಗಳದ್ದು. ಈ ಸಿದ್ಧತೆಯಲ್ಲಿ ಬಹುಪಾಲನ್ನು ಮನೆಯಂಗಳದಲ್ಲೇ ಮಾಡಬಹುದು. ಅದಕ್ಕೆ ದುಬಾರಿ ಯಂತ್ರಗಳು ಬೇಡ. ಬೇಕಾದದ್ದು ಉಪ್ಪು ಕಾಗದ, ಬಕೆಟ್ ನೀರು, ತಾಳ್ಮೆ ಮತ್ತು ರಜೆಯಲ್ಲಿರುವ ಮಕ್ಕಳ ಎರಡು ಜೊತೆ ಕೈ. ಜೊತೆಗೆ ಇನ್ನೂ ಒಂದು ಬೇಕು: ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ. ಏಕೆಂದರೆ ಕಾರಿನ ಮೈಯಲ್ಲಿ ಕೆಲವು ಗಾಯಗಳನ್ನು ಮನೆಯಲ್ಲಿ ಮುಚ್ಚಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಪ್ರಾಣಕ್ಕೆ ಮಾತ್ರ ಒಳ್ಳೆಯದಲ್ಲ.

ಬಣ್ಣ ಎಷ್ಟು ದಪ್ಪ?

ಹೊಸ ಬಣ್ಣ ಹಳೆಯ ದೋಷಗಳನ್ನೆಲ್ಲ ಮುಚ್ಚಿಬಿಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿದರೆ ಅದು ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಕಾರ್ಖಾನೆಯಿಂದ ಹೊರಬರುವ ಕಾರಿನ ಮೇಲೆ ಪ್ರೈಮರ್, ಬಣ್ಣ, ಮೇಲಿನ ಹೊಳಪಿನ ಪದರ ಎಲ್ಲವನ್ನೂ ಸೇರಿಸಿದರೂ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅಂದರೆ ದಪ್ಪನೆಯ ಒಂದು ತಲೆಗೂದಲಿನಷ್ಟು. ಅರ್ಧ ಮಿಲಿಮೀಟರ್ ಆಳದ ಗೀರನ್ನು ಇಷ್ಟು ತೆಳ್ಳನೆಯ ಹೊದಿಕೆ ತುಂಬುವುದಾದರೂ ಹೇಗೆ?

ತುಂಬುವುದಿರಲಿ, ಎತ್ತಿ ತೋರಿಸುತ್ತದೆ. ಮಂಕಾದ ಹಳೆಯ ಬಣ್ಣ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಸಣ್ಣ ತಗ್ಗುದಿಣ್ಣೆಗಳು ಕಾಣಿಸುವುದಿಲ್ಲ. ಹೊಸ ಬಣ್ಣ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಆಗ ಮೇಲ್ಮೈ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅದರಲ್ಲಿ ಕಾಣುವ ಮರದ ನೆರಳು, ವಿದ್ಯುತ್ ಕಂಬದ ನೆರಳು ಡೊಂಕಾಗುತ್ತದೆ. ನಿನ್ನೆಯವರೆಗೆ ಯಾರಿಗೂ ಕಾಣದಿದ್ದ ತಗ್ಗು ಬಣ್ಣ ಬಳಿದ ಮರುದಿನ ಬೀದಿಗೆಲ್ಲ ಕಾಣುತ್ತದೆ. ಗೋಡೆಗೆ ಸುಣ್ಣ ಬಳಿದಷ್ಟು ಸುಲಭವಲ್ಲ ಇದು, ಎನ್ನುವುದಕ್ಕೆ ಕಾರಣವಿಷ್ಟೆ.

ಸ್ನಾನ ಮೊದಲು, ಉಜ್ಜುವುದು ಆಮೇಲೆ

ಉತ್ಸಾಹಿಗಳು ಮೊದಲ ದಿನವೇ ಉಪ್ಪು ಕಾಗದ ಹಿಡಿದು ಕೂರುತ್ತಾರೆ. ಅದು ಮೊದಲ ತಪ್ಪು. ವರ್ಷಗಟ್ಟಲೆ ಓಡಿದ ಕಾರಿನ ಮೈಮೇಲೆ ಗ್ರೀಸು, ಡೀಸೆಲ್ ಹೊಗೆಯ ಜಿಡ್ಡು, ಪಾಲಿಶಿನ ಮೇಣ, ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ದ್ರವದ ಅಂಶ ಎಲ್ಲವೂ ಇರುತ್ತವೆ. ಇವನ್ನು ತೆಗೆಯದೆ ಉಜ್ಜಿದರೆ ಕಾಗದವು ಅವನ್ನು ಗೀರುಗಳೊಳಕ್ಕೇ ತಳ್ಳಿಬಿಡುತ್ತದೆ. ಮುಂದೆ ಬಣ್ಣ ಬಿದ್ದಾಗ ಜಿಡ್ಡಿರುವ ಕಡೆ ಅದು ಹರಡದೆ ದೂರ ಸರಿದು, ಸಣ್ಣ ಸಣ್ಣ ಗುಂಡು ಕುಳಿಗಳಾಗುತ್ತವೆ. ಕಮಲದ ಎಲೆಯ ಮೇಲೆ ನೀರು ಹರಡದೆ ಉಂಡೆಗಟ್ಟುವುದನ್ನು ನೋಡಿದವರಿಗೆ ಇದರ ಮರ್ಮ ತಿಳಿದೀತು. ಕೆಲಸಗಾರರು ಇದಕ್ಕೆ ‘ಫಿಶ್ ಐ’ ಎನ್ನುತ್ತಾರೆ, ಮೀನುಕಣ್ಣು. ಒಮ್ಮೆ ಎದ್ದಿತೆಂದರೆ ಆ ಜಾಗವನ್ನು ಮತ್ತೆ ಉಜ್ಜಿ ಮೊದಲಿನಿಂದ ಶುರುಮಾಡಬೇಕು.

ಆದ್ದರಿಂದ ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಒಣಗಿದ ಮೇಲೆ ಬಣ್ಣದಂಗಡಿಯಲ್ಲಿ ಸಿಗುವ ಜಿಡ್ಡು ತೆಗೆಯುವ ದ್ರಾವಣವನ್ನು ಎರಡು ಬಟ್ಟೆಗಳಿಂದ ಬಳಸಬೇಕು. ಒಂದು ಬಟ್ಟೆಯಲ್ಲಿ ದ್ರಾವಣ ಹಚ್ಚುವುದು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸುವುದು. ಆರಲು ಬಿಟ್ಟರೆ ಜಿಡ್ಡು ಇದ್ದಲ್ಲೇ ಉಳಿಯುತ್ತದೆ. ಪೆಟ್ರೋಲಿನಲ್ಲಿ ಒರೆಸುವ ಹಳೆಯ ಪದ್ಧತಿ ಬೇಡವೇ ಬೇಡ. ಬೆಂಕಿಯ ಭಯ ಒಂದಾದರೆ, ಅದು ತಾನೇ ಒಂದು ಪದರ ಜಿಡ್ಡನ್ನು ಬಿಟ್ಟುಹೋಗುವುದು ಇನ್ನೊಂದು.

ಆಮೇಲೆ ಬಿಚ್ಚುವ ಕೆಲಸ. ಬಂಪರು, ದೀಪಗಳು, ವೈಪರ್, ಬಾಗಿಲ ಹಿಡಿ, ನಂಬರ್ ಪ್ಲೇಟು, ಹೆಸರಿನ ಲಾಂಛನ ಇವೆಲ್ಲ ಬಿಚ್ಚಿದಷ್ಟೂ ಕೆಲಸ ಅಚ್ಚುಕಟ್ಟು. ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಿರಬೇಕು. ಮನೆಯ ಕಿರಿಯರಿಗೆ ಇಲ್ಲೊಂದು ಜವಾಬ್ದಾರಿಯ ಕೆಲಸವಿದೆ. ಒಂದೊಂದು ಭಾಗದ ತಿರುಪುಗಳನ್ನು ಒಂದೊಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಬಿಚ್ಚಿದ ಕ್ರಮದಲ್ಲಿ ಸಾಲಾಗಿ ಇಡುವುದು. ಎರಡು ವಾರದ ನಂತರ ‘ಈ ನಟ್ಟು ಎಲ್ಲಿಯದು?’ ಎಂದು ತಲೆ ಕೆರೆದುಕೊಳ್ಳುವ ಹಿರಿಯರಿಗೆ ಆ ಪೆಟ್ಟಿಗೆಗಳ ಬೆಲೆ ಗೊತ್ತಾಗುತ್ತದೆ.

ಕಣ್ಣಿಗಿಂತ ಅಂಗೈ ಚುರುಕು

ಈಗ ತಪಾಸಣೆ. ನಡುಹಗಲಿನ ಬಿಸಿಲು ಇದಕ್ಕೆ ಒಳ್ಳೆಯದಲ್ಲ. ಸಂಜೆಯ ಓರೆ ಬೆಳಕಿನಲ್ಲಿ ಅಥವಾ ರಾತ್ರಿ ಟ್ಯೂಬ್‌ಲೈಟಿನ ಅಡಿಯಲ್ಲಿ ನೋಡಬೇಕು. ಬಾಗಿಲಿನ ಮೇಲೆ ಬಿದ್ದ ಟ್ಯೂಬಿನ ಪ್ರತಿಬಿಂಬ ನೇರ ಗೆರೆಯಾಗಿದ್ದರೆ ತಗಡು ಸರಿಯಾಗಿದೆ. ಗೆರೆ ಎಲ್ಲಿ ಹಾವಿನಂತೆ ಹೊರಳಿತೋ ಅಲ್ಲಿ ತಗ್ಗಿದೆ. ಅನುಭವಿ ಕೆಲಸಗಾರ ಕಣ್ಣನ್ನೂ ನಂಬುವುದಿಲ್ಲ. ತೆಳು ಬಟ್ಟೆಯ ಮೇಲೆ ಅಂಗೈ ಇಟ್ಟು, ಇಡೀ ಬಾಗಿಲಿನ ಉದ್ದಕ್ಕೂ ನಿಧಾನವಾಗಿ ಸವರುತ್ತ ಹೋಗುತ್ತಾನೆ. ಬಟ್ಟೆಯಿಂದಾಗಿ ಚರ್ಮ ಅಂಟದೆ ಜಾರುತ್ತದೆ, ಕಣ್ಣು ಬಿಟ್ಟ ಉಬ್ಬುತಗ್ಗುಗಳನ್ನು ಅಂಗೈ ಹಿಡಿಯುತ್ತದೆ. ಮಕ್ಕಳಿಗೆ ಕಣ್ಣು ಮುಚ್ಚಿಸಿ ಈ ಪರೀಕ್ಷೆ ಮಾಡಿಸಿದರೆ ಅವರೇ ಬೆರಗಾಗುತ್ತಾರೆ.

ಇನ್ನೊಂದು ಸಾಧನ ಅಯಸ್ಕಾಂತ. ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಸರಿಸುತ್ತ ಹೋದರೆ ಎಲ್ಲೆಡೆ ಒಂದೇ ಸಮ ಹಿಡಿಯಬೇಕು. ಒಂದು ಕಡೆ ಹಿಡಿತ ಸಡಿಲವಾಯಿತೆಂದರೆ ಅಲ್ಲಿ ಯಾರೋ ಹಿಂದೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಪ್ಲಾಸ್ಟಿಕ್ ಬಂಪರಿಗೆ ಮತ್ತು ಅಲ್ಯುಮಿನಿಯಂ ಭಾಗಗಳಿಗೆ ಈ ಪರೀಕ್ಷೆ ನಡೆಯದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳಲು ಹೋಗುವವರೂ ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟುಕೊಂಡರೆ ನಷ್ಟವಿಲ್ಲ.

ತುಕ್ಕು ಎಂಬ ಒಳಶತ್ರು

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಇದು ಶಾಲೆಯ ಪಾಠ. ಉಪ್ಪು ಸೇರಿದರೆ ತುಕ್ಕಿನ ವೇಗ ಹೆಚ್ಚುತ್ತದೆ. ಮಂಗಳೂರು, ಕಾರವಾರಗಳ ಕಡಲಗಾಳಿಯಲ್ಲಿ ನಿಲ್ಲುವ ಕಾರು ಕಲಬುರ್ಗಿಯ ಒಣ ಬಿಸಿಲಲ್ಲಿ ನಿಲ್ಲುವ ಕಾರಿಗಿಂತ ಬೇಗ ಸವೆಯುವುದು ಅದಕ್ಕೇ. ಪಾಠದಲ್ಲಿ ಸಾಮಾನ್ಯವಾಗಿ ಒತ್ತಿ ಹೇಳದ ಇನ್ನೊಂದು ಸಂಗತಿಯಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬಣ್ಣದಡಿಯಲ್ಲಿ ಅದು ಉಬ್ಬಿ ಬಣ್ಣವನ್ನು ಮೇಲೆತ್ತುತ್ತದೆ. ಹೊರಗೆ ಕಡಲೆಕಾಳಿನಷ್ಟು ಕಾಣುವ ಗುಳ್ಳೆಯ ಕೆಳಗೆ ನಾಣ್ಯದಷ್ಟಗಲದ ಹುಣ್ಣಿರುವುದು ಅಪರೂಪವಲ್ಲ.

ಹುಡುಕಬೇಕಾದ ಜಾಗಗಳು ಇವು: ಬಾಗಿಲುಗಳ ಅಡಿ ಅಂಚು, ಚಕ್ರದ ಮೇಲಿನ ಕಮಾನು, ಮುಂಗಾಜಿನ ರಬ್ಬರಿನ ಕೆಳಗೆ, ಡಿಕ್ಕಿಯ ತಳ, ಕಾಲಿಡುವ ಚಾಪೆಯ ಅಡಿ. ಬಾಗಿಲಿನ ಅಡಿಯಲ್ಲಿ ನೀರು ಹೊರಹೋಗಲೆಂದೇ ಸಣ್ಣ ರಂಧ್ರಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಕೊಂಡರೆ ಮಳೆನೀರು ಬಾಗಿಲೊಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಒಂದು ಕಡ್ಡಿಯಿಂದ ಆ ರಂಧ್ರಗಳನ್ನು ಬಿಡಿಸುವುದು ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ರಿಪೇರಿ.

ತುಕ್ಕಿನ ಮೇಲೆ ಬಣ್ಣ ಬಳಿದರೆ ತುಕ್ಕು ಸಾಯುವುದಿಲ್ಲ. ತಂತಿ ಬ್ರಷ್ಷಿನಿಂದಲೂ ಒರಟು ಕಾಗದದಿಂದಲೂ ಉಜ್ಜಿ ಬೆಳ್ಳಿಯಂತೆ ಹೊಳೆಯುವ ತಗಡು ಕಾಣುವವರೆಗೆ ಕೆರೆಯಬೇಕು. ಸೂಕ್ಷ್ಮ ಕುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕ ಹಚ್ಚುತ್ತಾರೆ. ಅದು ತುಕ್ಕಿನೊಡನೆ ವರ್ತಿಸಿ ಕಬ್ಬಿಣದ ಫಾಸ್ಫೇಟ್ ಎಂಬ ಗಟ್ಟಿ ಪದರವಾಗುತ್ತದೆ. ದೆಹಲಿಯ ಕುತುಬ್ ಮಿನಾರಿನ ಬಳಿ ಇರುವ ಸುಮಾರು 1600 ವರ್ಷ ಹಳೆಯ ಕಬ್ಬಿಣದ ಸ್ತಂಭ ನಶಿಸದೆ ಉಳಿಯಲು ಅದರಲ್ಲಿರುವ ಹೆಚ್ಚಿನ ರಂಜಕವೂ, ಅದರಿಂದ ಮೇಲ್ಮೈಯಲ್ಲಿ ಮೂಡಿದ ತೆಳು ಫಾಸ್ಫೇಟ್ ಪದರವೂ ಕಾರಣವೆಂದು ಕಾನಪುರ ಐಐಟಿಯ ಲೋಹವಿಜ್ಞಾನಿ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದರು. ಮನೆಯಂಗಳದ ಕಾರಿಗೂ ಆ ಸ್ತಂಭಕ್ಕೂ ಹೀಗೊಂದು ರಸಾಯನದ ನಂಟು. ಆಮ್ಲವಾದ್ದರಿಂದ ಕೈಗವಸು, ಕನ್ನಡಕ ಕಡ್ಡಾಯ. ಅದನ್ನು ತೊಳೆಯಬೇಕೇ, ಒರೆಸಬೇಕೇ, ಹಾಗೆಯೇ ಬಿಡಬೇಕೇ ಎಂಬುದನ್ನು ಡಬ್ಬಿಯ ಮೇಲೆ ಓದಿಯೇ ತಿಳಿಯಬೇಕು.

ಹೀಗೆ ಬೆತ್ತಲಾದ ತಗಡನ್ನು ರಾತ್ರಿಯಿಡೀ ಬಿಡುವಂತಿಲ್ಲ. ಗಾಳಿಯ ತೇವಕ್ಕೆ ಅದು ಮತ್ತೆ ಕೆಂಪಾಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕೆಲವೇ ಗಂಟೆ ಸಾಕು. ಆದ್ದರಿಂದ ಆ ದಿನ ಎಷ್ಟಕ್ಕೆ ಪ್ರೈಮರ್ ಹಚ್ಚಲು ಸಾಧ್ಯವೋ ಅಷ್ಟನ್ನೇ ಕೆರೆಯುವುದು ಜಾಣತನ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ಕೈಹಾಕದಿರುವುದು ಇನ್ನೂ ದೊಡ್ಡ ಜಾಣತನ.

ಪುಟ್ಟಿ ಎಲ್ಲಿಯವರೆಗೆ?

ಇಲ್ಲಿಗೆ ಬಂದಾಗ ಒಂದು ಕವಲುದಾರಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ತಗಡು ‘ಟಣ್’ ಎಂದರೆ ಸರಿ. ‘ದಪ್’ ಎಂದು ಕುಸಿದರೆ, ತೂತು ಬಿದ್ದರೆ, ಅದು ಪುಟ್ಟಿಯ ಕೆಲಸವಲ್ಲ. ವೆಲ್ಡಿಂಗಿನದು. ಈಗಿನ ಬಹುತೇಕ ಕಾರುಗಳಿಗೆ ಹಳೆಯ ಲಾರಿಗಳಂತೆ ಪ್ರತ್ಯೇಕ ಛಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಛಾವಣಿ ಎಲ್ಲವೂ ಸೇರಿಯೇ ಅದರ ಅಸ್ಥಿಪಂಜರ. ಡಿಕ್ಕಿಯಾದಾಗ ಒಳಗಿರುವವರನ್ನು ಕಾಯಬೇಕಾದದ್ದು ಇದೇ ತಗಡು. ತೂತಿನೊಳಗೆ ಕಾಗದವನ್ನೋ ಜಾಲರಿಯನ್ನೋ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದರೆ ತಪಾಸಣೆಯ ಕಣ್ಣಿಗೂ ಮಣ್ಣೆರಚಬಹುದು. ಆದರೆ ಹಿಂದಿನ ಸೀಟಿನಲ್ಲಿ ಕೂರುವುದು ಮನೆಯ ಮಕ್ಕಳೇ. ಮುಂದೆ ಆ ಕಾರನ್ನು ಕೊಳ್ಳುವವರ ಮನೆಯಲ್ಲೂ ಮಕ್ಕಳಿರುತ್ತಾರೆ. ತೂತು ಕಂಡಲ್ಲಿ ಕೆಲಸ ನಿಲ್ಲಿಸಿ ಟಿಂಕರಿಂಗ್ ಶಾಪಿಗೆ ಹೋಗುವುದೊಂದೇ ದಾರಿ. ತಿಂದಿರುವ ತಗಡು ಹೆಚ್ಚಾಗಿದ್ದರೆ ಬಣ್ಣದ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ತಗಡು ಗಟ್ಟಿಯಿದ್ದು ತಗ್ಗಷ್ಟೇ ಇದ್ದರೆ ಮೊದಲು ಅದನ್ನು ಒಳಗಿನಿಂದ ಎಷ್ಟಾದರಷ್ಟು ಎಬ್ಬಿಸಬೇಕು. ದೊಡ್ಡ ತಗ್ಗನ್ನು ಟಿಂಕರ್ ಕೈಗೇ ಕೊಡುವುದು ಲೇಸು. ಅಡ್ಡಾದಿಡ್ಡಿ ಬಡಿದರೆ ತಗಡು ಹಿಗ್ಗುತ್ತದೆ, ಹಿಗ್ಗಿದ ತಗಡು ಮತ್ತೆ ಕುಗ್ಗಲು ಒಪ್ಪುವುದಿಲ್ಲ. ಉಳಿದ ಎರಡು ಮೂರು ಮಿಲಿಮೀಟರಿನಷ್ಟನ್ನು ಮಾತ್ರ ಪುಟ್ಟಿಗೆ ಬಿಡಬೇಕು. ಅದಕ್ಕಿಂತ ದಪ್ಪವಾದರೆ ಬಿಸಿಲು, ಕುಲುಕಾಟಗಳಿಗೆ ಬಿರುಕು ಬಿಡುತ್ತದೆ.

ಪಾಲಿಯೆಸ್ಟರ್ ಪುಟ್ಟಿ ಒಣಗುವುದಿಲ್ಲ, ಗಟ್ಟಿಕಟ್ಟುತ್ತದೆ. ವ್ಯತ್ಯಾಸ ಸಣ್ಣದಲ್ಲ. ಒಣಗುವುದೆಂದರೆ ದ್ರವ ಆವಿಯಾಗಿ ಹೋಗುವುದು. ಇಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ. ಜೊತೆಗೆ ಬರುವ ಟ್ಯೂಬಿನ ಹಾರ್ಡನರ್ ಸೇರಿದೊಡನೆ ಅಣುಗಳು ಒಂದಕ್ಕೊಂದು ಕೈಕೈ ಹಿಡಿದು ಬಲೆಯಾಗುತ್ತವೆ, ಮುಟ್ಟಿದರೆ ಬಿಸಿ ತಿಳಿಯುತ್ತದೆ. ಸಾಮಾನ್ಯವಾಗಿ ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ ಹಾರ್ಡನರ್ ಸಾಕು. ಡಬ್ಬಿಯ ಸೂಚನೆಯೇ ಅಂತಿಮ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಅದರ ಕಲೆ ಮುಂದೆ ಹೊಸ ಬಣ್ಣದ ಮೂಲಕ ಮೇಲೆ ಬರಬಹುದು. ಹಾರ್ಡನರಿಗೆ ಬಣ್ಣ ಬೆರೆಸಿರುವುದು ಚೆಂದಕ್ಕಲ್ಲ. ಗೆರೆಗಳಿಲ್ಲದೆ ಒಂದೇ ಬಣ್ಣ ಬರುವವರೆಗೆ ಕಲಸಿ ಎಂದು ಹೇಳಲಿಕ್ಕೆ. ಕಲಸಿದ ಮೇಲೆ ಕೆಲವೇ ನಿಮಿಷಗಳ ಅವಕಾಶ. ಆದ್ದರಿಂದ ನಿಂಬೆಹಣ್ಣಿನಷ್ಟೇ ಕಲಸಿ, ತೆಳುವಾಗಿ ಎರಡು ಮೂರು ಸಲ ಎಳೆಯಬೇಕು.

ಉಜ್ಜುವುದರ ಗಣಿತ

ಉಪ್ಪು ಕಾಗದದ ಹಿಂದೆ ಅಚ್ಚಾಗಿರುವ ಅಂಕಿಯಲ್ಲಿ ಒಂದು ಗಮ್ಮತ್ತಿದೆ. ಅಂಕಿ ದೊಡ್ಡದಾದಷ್ಟೂ ಹರಳು ಸಣ್ಣದು. 80 ಎಂದರೆ ಒರಟು, 400 ಎಂದರೆ ನಯ. ಪುಟ್ಟಿಯ ಆಕಾರ ತಿದ್ದಲು 80, ಆಮೇಲೆ 120 ಅಥವಾ 180, ಅಂಚು ಬೆರೆಸಲು 240, 320. ಪ್ರೈಮರಿನ ಮೇಲೆ 400, 600. ಪ್ರತಿ ಕಾಗದದ ಕೆಲಸ ಹಿಂದಿನ ಕಾಗದದ ಗೀರನ್ನು ಅಳಿಸುವುದು. ಆತುರಪಟ್ಟು 80ರಿಂದ ನೇರ 400ಕ್ಕೆ ಹಾರಿದರೆ ಆಳದ ಗೀರುಗಳು ಉಳಿದು, ಬಣ್ಣದ ದ್ರಾವಕ ಆರಿ ಕುಗ್ಗಿದ ಮೇಲೆ, ಅಂದರೆ ಕೆಲವು ವಾರಗಳ ನಂತರ, ಒಂದೊಂದಾಗಿ ಎದ್ದು ಕಾಣುತ್ತವೆ. ಒಂದು ತರಗತಿ ಬಿಟ್ಟು ಮುಂದಿನದಕ್ಕೆ ಬಡ್ತಿ ಕೊಡಿಸಿದರೆ ಆಗುವಂಥದೇ ಇದು.

ಕಾಗದವನ್ನು ಬರಿಗೈಯಲ್ಲಿ ಹಿಡಿಯಬಾರದು. ಬೆರಳುಗಳ ಒತ್ತಡಕ್ಕೆ ಸಾಲು ಸಾಲು ಕಾಲುವೆಗಳಾಗುತ್ತವೆ. ಚಪ್ಪಟೆ ಮರದ ತುಂಡಿಗೆ ಇಲ್ಲವೇ ರಬ್ಬರ್ ಬ್ಲಾಕಿಗೆ ಸುತ್ತಿ, ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಉಜ್ಜಬೇಕು. ‘ಇನ್ನೂ ಎಷ್ಟು ಉಜ್ಜಬೇಕಪ್ಪಾ?’ ಎಂದು ಮಗಳು ಕೇಳಿದರೆ ಅಪ್ಪನ ಬಳಿ ಉತ್ತರವಿರಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣವನ್ನು ದೂರದಿಂದ ತುಂತುರಾಗಿ, ಧೂಳು ಕೂತಂತೆ ಹಾಯಿಸಿ, ಒಣಗಿದ ಮೇಲೆ ಬ್ಲಾಕಿನಿಂದ ಉಜ್ಜುವುದು. ಎತ್ತರದ ಜಾಗದ ಕಪ್ಪು ಮೊದಲು ಅಳಿಸುತ್ತದೆ, ತಗ್ಗಿನ ಕಪ್ಪು ಉಳಿಯುತ್ತದೆ. ಕಪ್ಪೆಲ್ಲ ಒಂದೇ ಸಮ ಮಾಯವಾದಾಗ ಮೇಲ್ಮೈ ಸಮವಾಯಿತು. ಅಲ್ಲಿಗೆ ನಿಲ್ಲಿಸಬಹುದು. ವಾದಕ್ಕೆ ಎಡೆಯೇ ಇಲ್ಲ.

ಹಳೆಯ ಬಣ್ಣ ಕಿತ್ತುಹೋದ ಕಡೆ ಅಂಚನ್ನು ಇಳಿಜಾರಾಗಿ ಬೆರೆಸಬೇಕು. ಸರಿಯಾಗಿ ಉಜ್ಜಿದಾಗ ಮೇಲಿನ ಹೊಳಪು, ಬಣ್ಣ, ಪ್ರೈಮರ್, ತಗಡು ಒಂದರೊಳಗೊಂದು ಉಂಗುರಗಳಾಗಿ, ಕಡಿದ ಮರದ ಬೊಡ್ಡೆಯಂತೆ ಕಾಣುತ್ತವೆ. ಉಗುರು ಎಲ್ಲೂ ತಡೆಯಬಾರದು. ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವ ಕಡೆ ಅದನ್ನು ಪೂರ್ತಿ ಕೆರೆಯಬೇಕಾಗಿಲ್ಲ. ಹೊಳಪು ಹೋಗಿ ಮಂಕಾದರೆ ಸಾಕು. ಹೊಸ ಬಣ್ಣ ಹಿಡಿದುಕೊಳ್ಳುವುದು ಆ ಸೂಕ್ಷ್ಮ ಗೀರುಗಳನ್ನೇ. ಎಲ್ಲೋ ಮೂಲೆಯಲ್ಲಿ ಹೊಳಪು ಉಳಿಯಿತೋ, ಮುಂದೆ ಬಣ್ಣ ಸಿಪ್ಪೆಯಂತೆ ಏಳಲು ಶುರುವಾಗುವುದು ಅಲ್ಲಿಂದಲೇ. ಬಾಗಿಲಿನ ಚೂಪು ಗೆರೆಗಳ ಮೇಲೆ ಮಾತ್ರ ಹಗುರ ಕೈ ಬೇಕು. ಅಲ್ಲಿ ಎರಡೇ ಎಳೆತಕ್ಕೆ ತಗಡು ಕಂಡುಬಿಡುತ್ತದೆ.

ನೀರು ಹಾಕಿ ಉಜ್ಜುವ ‘ವಾಟರ್ ಪೇಪರ್’ ಹುಟ್ಟಿದ ಕಥೆಯೂ ಕೇಳುವಂಥದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಸಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕೀ ಎಂಬಾತ ಉಪ್ಪು ಕಾಗದದ ಕಂಪನಿ 3ಎಂಗೆ ಪತ್ರ ಬರೆದು, ಕಾಗದವನ್ನಲ್ಲ, ಅದರ ಹರಳುಗಳ ಮಾದರಿ ಕಳಿಸಿ ಎಂದು ಕೇಳಿದ್ದ. ಈ ವಿಚಿತ್ರ ಬೇಡಿಕೆಯ ಜಾಡು ಹಿಡಿದಾಗ ಆತ ನೀರಿಗೆ ಜಗ್ಗದ ಕಾಗದ ಮಾಡಿದ್ದು ಗೊತ್ತಾಯಿತು. ಕಂಪನಿ ಅದರ ಹಕ್ಕು ಕೊಂಡು 1921ರಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಕಾರುಗಳ ಬಣ್ಣವನ್ನು ಒಣದಾಗಿ ಉಜ್ಜುತ್ತಿದ್ದ ಕೆಲಸಗಾರರು ಧೂಳನ್ನೆಲ್ಲ ಉಸಿರಾಡುತ್ತಿದ್ದರು. ನೀರು ಆ ಧೂಳನ್ನು ಅಡಗಿಸಿತು. ಇಂದಿಗೂ ಹಳೆಯ ಬಣ್ಣವನ್ನು, ಪ್ರೈಮರನ್ನು ಮನೆಯಲ್ಲಿ ಉಜ್ಜುವವರಿಗೆ ನೀರೇ ಒಳ್ಳೆಯ ಗೆಳೆಯ. ಆದರೆ ಪಾಲಿಯೆಸ್ಟರ್ ಪುಟ್ಟಿಗೆ ನೀರು ಬೇಡ. ಅದು ಸ್ಪಂಜಿನಂತೆ ತೇವ ಹೀರಿ ತಗಡಿಗೆ ದಾಟಿಸುತ್ತದೆ. ಅದನ್ನು ಮುಖಗವಸು ಕಟ್ಟಿಕೊಂಡು ಒಣದಾಗಿಯೇ ಉಜ್ಜಬೇಕು.

ಪ್ರೈಮರ್ ಮತ್ತು ಟೇಪು

ಬರಿ ತಗಡಿಗೆ ಮೊದಲು ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಸಣ್ಣ ಗೀರು ತುಂಬುವ ದಪ್ಪ ಪ್ರೈಮರ್. ಯಾವ ಬಗೆಯ ಪ್ರೈಮರ್ ಎಂಬುದನ್ನು ಮನೆಯವರು ತೀರ್ಮಾನಿಸುವುದಲ್ಲ. ಬಣ್ಣ ಹೊಡೆಯುವವರನ್ನು ಮೊದಲೇ ಕೇಳಬೇಕು. ಒಂದರ ಮೇಲೊಂದು ಹೊಂದದ ಬಗೆಗಳು ಬಿದ್ದರೆ ಮೇಲಿನ ದ್ರಾವಕ ಕೆಳಗಿನ ಪದರವನ್ನು ಕದಡಿ ಸುಕ್ಕಾಗಿಸುತ್ತದೆ. ಎಲ್ಲಿಯವರೆಗೆ ಮನೆಯ ಕೆಲಸ, ಎಲ್ಲಿಂದ ಅಂಗಡಿಯದು ಎಂಬ ಮಾತುಕತೆ ಆರಂಭದಲ್ಲೇ ಆಗಿದ್ದರೆ ಕೊನೆಯಲ್ಲಿ ‘ನಿಮ್ಮ ಪುಟ್ಟಿ, ನಮ್ಮ ತಪ್ಪಲ್ಲ’ ಎಂಬ ಜಗಳ ಇರುವುದಿಲ್ಲ. ಅನೇಕ ಪ್ರೈಮರುಗಳು ತೇವ ಹೀರುವುದರಿಂದ, ಪ್ರೈಮರ್ ಹಚ್ಚಿದ ಕಾರನ್ನು ಮಳೆಯಲ್ಲಿ ಓಡಿಸುವುದು ಸಲ್ಲದು.

ಕಿಟಕಿ, ಟೈರುಗಳಿಗೆ ಕಾಗದ ಮುಚ್ಚುವ ಟೇಪು ಕೂಡ ಕಾರಿನ ಬಣ್ಣದಂಗಡಿಯಲ್ಲೇ ಹುಟ್ಟಿದ್ದು. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಗೀಳು ಹತ್ತಿತ್ತು. ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು 3ಎಂ ಪ್ರಯೋಗಾಲಯಕ್ಕೆ ಸೇರಿದ್ದ ರಿಚರ್ಡ್ ಡ್ರೂ ಎಂಬ ಯುವಕ, ವಾಟರ್ ಪೇಪರಿನ ಮಾದರಿ ಪರೀಕ್ಷೆಗೆಂದು ಸೇಂಟ್ ಪಾಲ್ ನಗರದ ಅಂಗಡಿಗಳಿಗೆ ಹೋಗುತ್ತಿದ್ದ. ಗೋಂದಿನಿಂದ ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತುಬಂದು ಕೆಲಸಗಾರರು ಶಪಿಸುವುದನ್ನು ನೋಡಿದ. ಅಂಟಬೇಕು, ಆದರೆ ಗಾಯ ಮಾಡದೆ ಬಿಡಬೇಕು, ಅಂಥ ಟೇಪು ಮಾಡುತ್ತೇನೆಂದು ಹಟ ತೊಟ್ಟ. ಉಪ್ಪು ಕಾಗದದ ಕೆಲಸ ನೋಡಿಕೋ ಎಂದು ಮೇಲಿನವರು ಹೇಳಿದರೂ ಬಿಡದೆ 1925ರಲ್ಲಿ ಮಾಸ್ಕಿಂಗ್ ಟೇಪ್ ತಯಾರಿಸಿದ. ಬೇರೆಯವರ ಕಷ್ಟವನ್ನು ನಿಂತು ನೋಡಿದ್ದೇ ಅವನ ಮೊದಲ ಪಾಠವಾಯಿತು.

ಮುಚ್ಚಲು ಹಳೆಯ ಪತ್ರಿಕೆಗಳಿಗಿಂತ ಖಾಕಿ ಕಾಗದ ಉತ್ತಮ. ಬಣ್ಣದ ದ್ರಾವಕಕ್ಕೆ ಅಚ್ಚಿನ ಮಸಿ ಕರಗಿ ಕೆಳಗೆ ಇಳಿಯಬಹುದು. ಕೊನೆಯ ಒರೆಸುವಿಕೆಯ ನಂತರ ಕಾರನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ಒಂದು ಸಲ ಬಾನೆಟ್ಟನ್ನು ತಟ್ಟಿದರೆ ಸಾಕು, ಐದೂ ಬೆರಳು ಬಣ್ಣದಲ್ಲಿ ಅಚ್ಚಾಗಬಹುದು.

ಮನೆ ನಿಲ್ಲಬೇಕಾದ ಗೆರೆ

ಕೊನೆಯ ಬಣ್ಣವನ್ನೂ ಮನೆಯಲ್ಲೇ ಹೊಡೆದರೇನು ಎಂಬ ಆಸೆ ಸಹಜ. ಇಲ್ಲಿ ಗೆರೆ ಎಳೆಯಲೇಬೇಕು. ಈಗ ಹೆಚ್ಚಾಗಿ ಬಳಸುವ ಎರಡು ಡಬ್ಬಿಯ ಪಿಯು ಬಣ್ಣಗಳ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕಗಳಿವೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲ ಇದೇ ಅಲ್ಲ, ಆದರೆ ಇದೇ ಕುಟುಂಬದ್ದು. ಬಣ್ಣ ಸಿಂಪಡಿಸುವಾಗ ಏಳುವ ಇದರ ಮಂಜು ಉಸಿರಾಟದ ಮೂಲಕ ಒಳಸೇರಿ ಆಸ್ತಮಾ ತರಬಲ್ಲದು. ಒಮ್ಮೆ ದೇಹ ಇದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸಬಹುದು. ಔಷಧಿ ಅಂಗಡಿಯ ಬಟ್ಟೆಯ ಮುಖಗವಸು ಇದನ್ನು ತಡೆಯದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ, ಗಾಳಿ ಎಳೆದುಹಾಕುವ ಕೋಣೆ ಇರುವ ಅಂಗಡಿಗೇ ಇದು ಸೇರಿದ್ದು. ಎರಡು ಡಬ್ಬಿಯ ಪಿಯು ಪ್ರೈಮರನ್ನು ಸಿಂಪಡಿಸುವುದಿದ್ದರೂ ಇದೇ ನಿಯಮ. ಕೂಲಿ ಉಳಿಸಲು ಉಸಿರನ್ನು ಅಡವಿಡಬಾರದು.

ಮನೆಯ ಕೆಲಸದಲ್ಲೂ ಎಚ್ಚರ ಬೇಕು. ಬಹಳ ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಮಕ್ಕಳ ಮಿದುಳಿಗೆ ಸೀಸ ಕೇಡು. ಹತ್ತಿರದಲ್ಲಿ ಪುಟ್ಟ ಮಕ್ಕಳನ್ನು, ಗರ್ಭಿಣಿಯರನ್ನು ಬಿಡಬಾರದು. ಅಂಥ ಹಳೆಯ ಬಣ್ಣವನ್ನು ಒರಟಾಗಿ ಕೆರೆಯುವ ಕೆಲಸ ಶಾಲೆಯ ಮಕ್ಕಳಿಗೂ ಬೇಡ. ಕೆಲಸದ ಬಟ್ಟೆ ಮನೆಯವರ ಬಟ್ಟೆಯೊಡನೆ ಒಗೆಯುವಂತಿಲ್ಲ. ಕೈ ತೊಳೆಯದೆ ಚಹಾ ಲೋಟ ಮುಟ್ಟುವಂತಿಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ಹರಿದು, ಹೊಸಿಲು ದಾಟಿ, ದೇವರ ಮನೆಯ ದೀಪವನ್ನೋ ಗ್ಯಾಸ್ ಒಲೆಯನ್ನೋ ತಲುಪಬಹುದು. ಬಯಲಿನಲ್ಲೇ ಕೆಲಸ, ಹತ್ತಿರದಲ್ಲಿ ಬೀಡಿ, ಊದುಬತ್ತಿ ಏನೂ ಇಲ್ಲ. ಇದು ಮೊದಲ ದಿನದಿಂದಲೇ ನಿಯಮವಾಗಿರಬೇಕು. ಬಣ್ಣವನ್ನೇ ಬದಲಾಯಿಸುವ ಯೋಚನೆಯಿದ್ದರೆ ಇನ್ನೊಂದು ಮಾತು. ಕಾರಿನ ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಆರ್‌ಟಿಓ ಕಚೇರಿಯಲ್ಲಿ ವಿಚಾರಿಸದೆ ಬಿಳಿ ಕಾರನ್ನು ಕೆಂಪು ಮಾಡಿದರೆ ತಪಾಸಣೆಯ ದಿನ ತೊಂದರೆ.

ಹತ್ತನೇ ತರಗತಿ ಮುಗಿಸಿದವರಿಗೆ ಇದು ಬರೀ ರಜೆಯ ಹವ್ಯಾಸವೂ ಆಗಬೇಕಿಲ್ಲ. ವಾಹನದ ಮೈ ರಿಪೇರಿ ಮತ್ತು ಬಣ್ಣ, ಇವೆರಡಕ್ಕೂ ಐಟಿಐ ವ್ಯವಸ್ಥೆಯಲ್ಲಿ ಪ್ರತ್ಯೇಕ ಟ್ರೇಡ್‌ಗಳಿವೆ. ಅಂಕಪಟ್ಟಿಯಲ್ಲಿ ಕಾಣದ ಕೈಚಳಕ ಕೆಲವು ಮಕ್ಕಳಲ್ಲಿರುತ್ತದೆ. ಬಾಗಿಲನ್ನು ಸವರಿ ‘ಇಲ್ಲಿ ಇನ್ನೂ ಸ್ವಲ್ಪ ಎತ್ತರ ಇದೆ’ ಎಂದು ಕಣ್ಣು ಮುಚ್ಚಿ ಹೇಳುವ ಹುಡುಗನನ್ನೋ ಹುಡುಗಿಯನ್ನೋ ಮನೆಯವರು ಗುರುತಿಸಬೇಕು.

ಇನ್ನೊಂದು ಸಣ್ಣ ಕೆಲಸ ಬಾಕಿ. ಎಲ್ಲೆಲ್ಲಿ ತುಕ್ಕು ಕೆರೆದದ್ದು, ಎಲ್ಲಿ ಪುಟ್ಟಿ ತುಂಬಿದ್ದು, ಎಲ್ಲಿ ವೆಲ್ಡಿಂಗ್ ಮಾಡಿಸಿದ್ದು, ಯಾವ ಪ್ರೈಮರ್, ಯಾವ ದಿನ, ಇಷ್ಟನ್ನು ಒಂದು ಹಾಳೆಯಲ್ಲಿ ಕಾರಿನ ಚಿತ್ರ ಬರೆದು ಗುರುತು ಹಾಕಿ, ನೋಂದಣಿ ಪತ್ರದ ಜೊತೆ ಇಡುವುದು. ಮುಂದೆ ಎಲ್ಲಾದರೂ ಗುಳ್ಳೆ ಎದ್ದರೆ ಕಾರಣ ಹುಡುಕಲು ಆ ಹಾಳೆ ಬೇಕು. ಕಾರು ಮಾರುವ ದಿನ ಕೊಳ್ಳುವವರ ಕೈಗೆ ಕೀಲಿಯ ಜೊತೆ ಅದನ್ನೂ ಕೊಡಬೇಕು. ಅವರು ತಂದ ಅಯಸ್ಕಾಂತ ಜೇಬಿನಲ್ಲೇ ಉಳಿದೀತು.